ಹೊಳೆಯ ಮೇಲೊಂದು ಹೊತ್ತು

ಬಿಡುವಿನ ದಿನಗಳು ಬಂದಾಗ ಮನೆಮಂದಿಯನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯು ಗೃಹಸ್ಥರಾದವರಿಗೆಲ್ಲ ವರ್ಷಕ್ಕೊಮ್ಮೆಯಾದರೂ ಎದುರಾಗುವುದು. ಬೆಟ್ಟವೇರಲು ಹಿರಿಯರ ಮೊಣಕಾಲು ಒಪ್ಪುವುದಿಲ್ಲ. ಪಟ್ಟಣದ ಗದ್ದಲದಲ್ಲಿ ಮಕ್ಕಳಿಗೆ ಸುಖವಿಲ್ಲ. ಹೊಸದಾಗಿ ಮದುವೆಯಾದವರಿಗೆ ನಾಲ್ಕು ಮಾತನಾಡಿಕೊಳ್ಳಲು ತುಸು ಏಕಾಂತ ಬೇಕು. ಇವರೆಲ್ಲರಿಗೂ ಒಂದೇ ಕಾಲಕ್ಕೆ ಹಿತವಾಗುವ ವಿಹಾರವೊಂದಿದ್ದರೆ ಅದು ಹೊಳೆಯ ಮೇಲಿನ ಪಯಣವೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಆದರೆ ಆ ಸುಖವನ್ನು ಕಾಣುವ ಮೊದಲು ನಾವೊಂದು ಪಾಠವನ್ನೂ ಕಲಿಯಬೇಕಾಯಿತು. ಅದನ್ನು ಮರೆಮಾಚದೆ ಹೇಳುವುದೇ ಯುಕ್ತವೆಂದು ತೋರುತ್ತದೆ.

ನಮ್ಮ ಕವಿತಾಳವು ಎರಡು ಮಹಾನದಿಗಳ ನಡುವಣ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದರೂ ನಮ್ಮವರಿಗೆ ನೀರೆಂದರೆ ಕಾಲುವೆಯ ನೀರು. ಹೊಳೆಯೆಂದರೆ ಮಳೆಗಾಲದ ಸುದ್ದಿ. ಕಳೆದ ವರ್ಷ ನಮ್ಮ ಮಗನ ಮದುವೆಯಾದ ಬಳಿಕ, ಆತನು ಹೆಂಡತಿಯೊಡನೆ ಕೇರಳಕ್ಕೆ ಹೋಗಿ ಮನೆದೋಣಿಯಲ್ಲಿ ಎರಡು ದಿನ ಕಳೆಯುವ ಆಸೆಯನ್ನು ಹೇಳಿದನು. ಹಿಂದೆ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಗಳೇ ಈಗ ಅಲ್ಲಿ ಹಾಸಿಗೆ, ಅಡಿಗೆಮನೆಗಳುಳ್ಳ ವಿಹಾರನೌಕೆಗಳಾಗಿವೆ. ಸೊಸೆಯು ಗಂಗಾ ವಿಲಾಸವೆಂಬ ಹಡಗಿನ ಸಂಗತಿಯನ್ನು ತೆಗೆದಳು. ಅದು 2023ರ ಜನವರಿ 13ರಂದು ಕಾಶಿಯಿಂದ ಹೊರಟು, ಬಾಂಗ್ಲಾದೇಶವನ್ನು ಹಾದು, ಅಸ್ಸಾಮಿನ ದಿಬ್ರುಗಢಕ್ಕೆ ಸುಮಾರು 3,200 ಕಿಲೋಮೀಟರಿನ ದಾರಿಯನ್ನು 51 ದಿನಗಳಲ್ಲಿ ಕ್ರಮಿಸುವಂತೆ ಏರ್ಪಾಡಾಗಿತ್ತು. “ಐವತ್ತೊಂದು ದಿನ ರಜೆ ಕೊಡುವ ಕಚೇರಿ ಯಾವುದಮ್ಮಾ?” ಎಂದು ನಮ್ಮ ಮನೆಯವರು ನಕ್ಕರು.

ಅಷ್ಟರಲ್ಲಿ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು, “ಮನಿ ಬಾಗಿಲಾಗ ಕೃಷ್ಣವ್ವ ಹರೀಲಿಕ್ಕೆ ಹತ್ತ್ಯಾಳ. ಮದಲ ಆಕಿನ್ನ ದಾಟಿ ಕುರವಪುರಕ್ಕ ಹೋಗಿ ಬರ್ರಿ. ಆಮ್ಯಾಲ ಕೇರಳ ನೋಡೀರಂತ” ಎಂದರು. ಮನೆಯಲ್ಲಿ ಆ ಮಾತಿಗೆ ಎದುರಿರಲಿಲ್ಲ.

ಕುರವಪುರವು ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುವೆ ಇರುವ ಗಡ್ಡೆ, ಕುರುಗಡ್ಡಿಯೆಂದೂ ಕರೆಯುವರು. ದತ್ತಾವತಾರಿಗಳೆಂದು ಭಕ್ತರು ನಂಬಿರುವ ಶ್ರೀಪಾದ ಶ್ರೀವಲ್ಲಭರು 14ನೆಯ ಶತಮಾನದಲ್ಲಿ ತಪಸ್ಸು ಮಾಡಿದ ಸ್ಥಳವದು. ನಮ್ಮ ಕಡೆಯವರು ಆತ್ಕೂರಿನ ದಡದಿಂದ ಹೊಳೆ ದಾಟುವರು. ಆಚೆಯ ದಡವು ತೆಲಂಗಾಣಕ್ಕೆ ಸೇರಿದ್ದು.

ಶ್ರಾವಣದ ಒಂದು ಮುಂಜಾನೆ ಸಿರವಾರ, ರಾಯಚೂರುಗಳನ್ನು ಹಾದು ನಾವೆಲ್ಲರೂ ಆತ್ಕೂರಿಗೆ ಬಂದೆವು. ತಾಯಿಯವರು, ಮನೆಯವರು, ನವದಂಪತಿಗಳು, ಏಳು ವರ್ಷದ ಮೊಮ್ಮಗ, ಬುತ್ತಿಯ ಗಂಟು, ಎಲ್ಲವೂ ಕೂಡಿಯೇ ಇದ್ದವು. ಹೊಳೆಯು ಕೆಂಪಗೆ ತುಂಬಿ ಹರಿಯುತ್ತಿತ್ತು. ಮೇಲ್ಗಡೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿದ್ದರು. ಅಂಬಿಗನು ದಡದ ಮೇಲೆ ಹರಿಗೋಲನ್ನು ಬೋರಲು ಹಾಕಿ ಅದರ ಪಕ್ಕದಲ್ಲಿ ಕುಳಿತಿದ್ದನು. ದಾಟಿಸಲಾಗದೆಂದನು. ನಾವು ಎರಡರಷ್ಟು ಕೂಲಿ ಕೊಡುವೆವೆಂದೆವು.

“ರೊಕ್ಕದ ಮಾತಲ್ರೀ ಯಜಮಾನ್ರ. ಮ್ಯಾಲಿಂದ ನೀರು ಬಿಟ್ಟಾರ. ತಾಸು ಹೊತ್ತಿನ್ಯಾಗ ಹೊಳಿ ಹ್ಯಾಂಗಾಗತೈತೋ ನನಗೂ ತಿಳಿಯಂಗಿಲ್ಲ. ಕೂಸಿನ ಕರಕೊಂಡು ಮನಿಗೆ ಹೋಗ್ರಿ” ಎಂದು ಅವನು ಎದ್ದು ನಿಂತನು.

ಮೊಮ್ಮಗನು ಅಳತೊಡಗಿದನು. ಸೊಸೆಯ ಮುಖ ಬಾಡಿತು. ಅಷ್ಟು ಜನರ ಎದುರಿನಲ್ಲಿ ಮಾತು ಸೋತ ಅವಮಾನದಿಂದ ನಾವು ಅವನಿಗೆ ಆಡಬಾರದ ಎರಡು ಮಾತುಗಳನ್ನು ಆಡಿದೆವು. ಕೂಲಿಯವನಿಗೆ ಇಷ್ಟು ಠೇಂಕಾರವೇ ಎಂಬುದು ಅವುಗಳಲ್ಲೊಂದು. ಅವನು ಮರುನುಡಿಯಲಿಲ್ಲ, ಹರಿಗೋಲಿನ ಬಳಿಯಿಂದ ಕದಲಲೂ ಇಲ್ಲ.

ಹಿಂದಿರುಗುವ ದಾರಿಯಲ್ಲಿ ತಾಯಿಯವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುರುಚರಿತ್ರೆಯ ಅಗಸನ ಕಥೆಯನ್ನು ಹೇಳಿದರು. ಕುರವಪುರದಲ್ಲಿ ಅಗಸನೊಬ್ಬನು ದಿನವೂ ಗುರುಗಳಿಗೆ ನಮಸ್ಕರಿಸುತ್ತಿದ್ದನು. ವೈಶಾಖಮಾಸದಲ್ಲೊಂದು ದಿನ ಅರಸನೊಬ್ಬನು ರಾಣಿವಾಸದೊಡನೆ ಸಿಂಗರಿಸಿದ ನೌಕೆಯನ್ನೇರಿ ಕೃಷ್ಣೆಯಲ್ಲಿ ಜಲಕ್ರೀಡೆಗೆ ಬಂದನು. ಅಗಸನು ಒಗೆಯುವುದನ್ನು ಬಿಟ್ಟು ನಿಬ್ಬೆರಗಾಗಿ ನೋಡುತ್ತ ನಿಂತನು. ಗುರುಗಳು ಅವನ ಮನಸ್ಸನ್ನು ಅರಿತು ಗದರಿಸಲಿಲ್ಲ. ಆಸೆಯನ್ನು ಉಳಿಸಿಕೊಂಡವನಿಗೆ ಮೋಕ್ಷವಿಲ್ಲವೆಂದು ಹೇಳಿ, ಮುಂದಿನ ಜನ್ಮದಲ್ಲಿ ಬೀದರದ ಅರಸನಾಗೆಂದು ಹರಸಿದರು. ಹೊಳೆಯ ಮೇಲೆ ವಿಹರಿಸಬೇಕೆಂಬ ಆಸೆಯು ನಮ್ಮ ಸೀಮೆಗೆ ಇಂದು ಬಂದುದಲ್ಲ. ಅದು ಗುರುಗಳು ಒಪ್ಪಿದ ಆಸೆ.

“ಅಜ್ಜೀ, ಆ ರಾಜನ ದೋಣಿ ಯಾರು ನಡೆಸಿದ್ರು?” ಎಂದು ಹುಡುಗನು ಕೇಳಿದನು.

ತಾಯಿಯವರು ಒಂದು ಕ್ಷಣ ಸುಮ್ಮನಿದ್ದು, “ಅದು ಕಥಿಯೊಳಗಿಲ್ಲಪಾ” ಎಂದರು. ಅನಂತರ ನಮ್ಮ ಕಡೆ ನೋಡಿದರು. ಅವರು ಬೇರೇನೂ ಹೇಳಲಿಲ್ಲ. ನಮಗೆ ಕವಿತಾಳವು ಬರುವವರೆಗೂ ತಲೆ ಎತ್ತಲಾಗಲಿಲ್ಲ.

ಅಂದು ರಾತ್ರಿ ಮಗನು ನಮಗೊಂದು ಹಳೆಯ ಸುದ್ದಿಯನ್ನು ನೆನಪಿಸಿದನು. 2020ರ ಆಗಸ್ಟಿನಲ್ಲಿ, ಇದೇ ಕೃಷ್ಣೆಯ ಇನ್ನೊಂದು ನಡುಗಡ್ಡೆಯಾದ ಕುರ್ವಕುಲದ ಜನರಿದ್ದ ತೆಪ್ಪವು ತುಂಬಿದ ಹೊಳೆಯಲ್ಲಿ ಮಗುಚಿ ಪ್ರಾಣಹಾನಿಯಾಗಿತ್ತು. ಅವರು ವಿಹಾರಕ್ಕೆ ಹೊರಟವರಲ್ಲ. ನಡುಗಡ್ಡೆಯವರಿಗೆ ಸಂತೆ, ಶಾಲೆ, ಆಸ್ಪತ್ರೆಗಳೆಲ್ಲ ಹೊಳೆಯ ಆಚೆಗೇ ಇರುವುವು. ನಮಗೆ ಒಂದು ದಿನದ ವಿನೋದವಾಗಿದ್ದುದು ಅವರಿಗೆ ನಿತ್ಯದ ದಾರಿ. ನಮ್ಮ ಎರಡರಷ್ಟು ಕೂಲಿಗೆ ಅಂಬಿಗನು ಆಸೆಪಟ್ಟಿದ್ದರೆ ಏನಾಗುತ್ತಿತ್ತೋ ಎಂದು ಎಣಿಸಿ ಆ ರಾತ್ರಿ ನಿದ್ರೆ ಬರಲಿಲ್ಲ.

ಪುಷ್ಯಮಾಸದಲ್ಲಿ ನಾವು ಮತ್ತೆ ಹೋದೆವು. ಈ ಸಲ ರಾಯಚೂರಿನಿಂದ ಲೈಫ್ ಜಾಕೆಟ್ಟೆಂಬ ತೇಲುವ ಅಂಗಿಗಳನ್ನು ತರಿಸಿಕೊಂಡಿದ್ದೆವು. ತಾಯಿಯವರು ಇಳಕಲ್ಲು ಸೀರೆಯ ಮೇಲೆ ಆ ಕಿತ್ತಳೆಬಣ್ಣದ ಅಂಗಿಯನ್ನು ತೊಟ್ಟು ತಾವೇ ನಕ್ಕರು. ಅದೇ ಅಂಬಿಗನಿದ್ದನು. ಆಡಿದ ಮಾತಿಗೆ ಕ್ಷಮೆ ಕೇಳಿದೆವು. “ಹೋಗ್ಲಿ ಬಿಡ್ರಿ, ಹೊಳಿ ದಡದಾಗ ಎಲ್ಲಾರೂ ಸಿಟ್ಟಾಗತಾರ” ಎಂದು ಅವನು ನಮ್ಮ ತಲೆಗಳನ್ನು ಎಣಿಸಿ ಎರಡು ಪಾಲು ಮಾಡಿದನು. ಹಿರಿಯರೂ ಹುಡುಗನೂ ಮೊದಲ ಸಲಕ್ಕೆ, ನವದಂಪತಿಗಳು ಎರಡನೆಯ ಸಲಕ್ಕೆ. ಅವರಿಗೆ ಬೇಕಾದ ಏಕಾಂತವು ಹೀಗೆ ತಾನಾಗಿಯೇ ಒದಗಿತು.

ಹರಿಗೋಲೆಂಬುದು ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ. ಮೊದಲು ಅದಕ್ಕೆ ತೊಗಲು ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಇಂಥವನ್ನೇ ಕಂಡು, ಹದಿನೈದಿಪ್ಪತ್ತು ಜನರನ್ನು ಹೊರುವ ಈ ದುಂಡುದೋಣಿಗಳು ಸುತ್ತುತ್ತಲೇ ಸಾಗುವುವೆಂದು ಬರೆದಿಟ್ಟಿದ್ದಾನೆ. ಮುಂದು ಹಿಂದುಗಳಿಲ್ಲದ ಈ ವಾಹನವು ಇಂದಿಗೂ ಸುತ್ತುತ್ತದೆ. ಅದರಲ್ಲಿ ಕುಳಿತವನಿಗೆ ನಾಲ್ಕು ದಿಕ್ಕುಗಳೂ ತಾವಾಗಿಯೇ ಬಂದು ದರ್ಶನ ಕೊಡುವುವು: ನೀರಿನಿಂದ ಮೇಲೆದ್ದ ಬಂಡೆಗಳು, ಅವುಗಳ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆಗಳು, ಬಿಟ್ಟುಬಂದ ದಡ, ಮುಟ್ಟಬೇಕಾದ ಗಡ್ಡೆ. ಹುಟ್ಟಿನ ಸಪ್ಪಳವೊಂದನ್ನು ಬಿಟ್ಟರೆ ಮತ್ತೊಂದು ಸದ್ದಿಲ್ಲ. ಮನೆಯಲ್ಲಿ ಐದು ನಿಮಿಷ ಸುಮ್ಮನಿರದ ಮೊಮ್ಮಗನು ನೀರಿನಲ್ಲಿ ತನ್ನ ನೆರಳನ್ನು ನೋಡುತ್ತ ಮೌನಿಯಾದನು. ಮನೆಯವರು ಬಹುದಿನಗಳಿಂದ ನಮ್ಮೊಡನೆ ಆಡದೆ ಉಳಿಸಿಕೊಂಡಿದ್ದ ಮಾತುಗಳನ್ನು ಅಲ್ಲಿ ಆಡಿದರು.

ಗಡ್ಡೆಯ ಮೇಲೆ ಪಾದುಕೆಗಳ ದರ್ಶನ ಮಾಡಿ, ಟೆಂಬೆ ಸ್ವಾಮಿಗಳೆಂದು ಪ್ರಸಿದ್ಧರಾದ ವಾಸುದೇವಾನಂದ ಸರಸ್ವತಿಗಳು ಕುಳಿತಿದ್ದ ಗುಹೆಯನ್ನು ನೋಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅದಕ್ಕೆ ಮೊದಲು ಅರ್ಚಕರು ಸಂಕಲ್ಪಕ್ಕೆ ಮನೆಯವರ ಹೆಸರುಗಳನ್ನು ಕೇಳಿದಾಗ, ತಾಯಿಯವರು ನಮ್ಮೆಲ್ಲರ ಹೆಸರುಗಳ ಬಳಿಕ ಅಂಬಿಗನ ಹೆಸರನ್ನೂ ಹೇಳಿದರು. ದಾಟುವಾಗಲೇ ಅದನ್ನು ಅವನಿಂದ ಕೇಳಿ ತಿಳಿದುಕೊಂಡಿದ್ದರು.

ಹೊಳೆಯ ವಿಹಾರಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ತೆಪ್ಪವಾಗಲಿ, ಯಂತ್ರದ ದೋಣಿಯಾಗಲಿ, ತುಂಬಿ ತುಳುಕುವಂತೆ ಜನರಿದ್ದರೆ ಏರಬೇಡಿರಿ. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹೇರಿಕೊಂಡ ವಿಹಾರದ ದೋಣಿಯು ಮಗುಚಿ 22 ಮಂದಿ ಮಡಿದರು. ಅವರಲ್ಲಿ ಮಕ್ಕಳೇ ಹೆಚ್ಚು. ತೇಲುವ ಅಂಗಿಯನ್ನು ಮೊದಲು ಹಿರಿಯರು ತೊಡಲಿ. ಅದನ್ನು ಕಂಡು ಮಕ್ಕಳು ತಾವಾಗಿಯೇ ತೊಡುವರು. ಹೊತ್ತು ಮುಳುಗುವ ಮೊದಲೇ ದಡ ಸೇರಿರಿ. ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿಯಿದ್ದರೆ ಮನೆಯಿಂದ ಹೊರಡಲೇ ಬೇಡಿರಿ. ಎಲ್ಲಕ್ಕೂ ಮಿಗಿಲಾಗಿ, ಅಂಬಿಗನು ಬೇಡವೆಂದರೆ ಹಣದ ಮಾತನ್ನು ಎತ್ತಬೇಡಿರಿ. ಬೇಡವೆನ್ನುವುದರಿಂದ ಅವನು ಆ ದಿನದ ಕೂಲಿಯನ್ನು ಕಳೆದುಕೊಳ್ಳುವನು. ಅದನ್ನು ತಿಳಿದೂ ಅವನು ಬೇಡವೆನ್ನುವನು.

ಮಗನೂ ಸೊಸೆಯೂ ಮುಂದೆ ಕೇರಳಕ್ಕೂ ಹೋಗಿಬರುವರು. ಹೋಗಲಿ. ಮೊಮ್ಮಗನಂತೂ ಆತ್ಕೂರಿನ ದಡದಲ್ಲಿ ಇಳಿದ ಕೂಡಲೇ, “ಮತ್ತ ಯಾವಾಗ ಬರೋದು?” ಎಂದು ನಮ್ಮನ್ನು ಕೇಳಿದನು.

“ಈ ಕಾಕಾ ಬಾ ಅಂದಾಗ” ಎಂದೆವು.