ದಿವೆ ಘಾಟಿನ ಮೇಲೊಂದು ರೇಸ್ ಟ್ರ್ಯಾಕ್?

ಸಾಸವಡ, ಪುಣೆ ಜಿಲ್ಲೆ

ಚಿ. ಸುಹಾಸನಿಗೆ ಮಾಮನ ಆಶೀರ್ವಾದಗಳು.

ಹಡಪಸರ ದಾಟಿದ ಬಸ್ಸು ದಿವೆ ಘಾಟಿನ ತಿರುವುಗಳನ್ನು ಏದುಸಿರು ಬಿಡುತ್ತ ಹತ್ತಿ ಮುಗಿಸಿದರೆ ಪುರಂದರ ತಾಲ್ಲೂಕಿನ ಬಯಲು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವುದು ಇದೇ ಘಾಟಿನಲ್ಲಿ. ಕರ್ಹಾ ನದಿಯ ದಂಡೆಯ ಸಾಸವಡದಲ್ಲಿ ಅವರ ತಮ್ಮ ಸೋಪಾನದೇವರ ಸಮಾಧಿಯಿದೆ. ಆದರೆ ನಿನ್ನಂಥ ರೇಸ್ ಹುಚ್ಚಿನವರಿಗೆ ಈ ಬಯಲು ಕಂಡರೆ ಹೊಳೆಯುವುದೇ ಬೇರೆ: ಇಲ್ಲೊಂದು ಅಂತರರಾಷ್ಟ್ರೀಯ ಸರ್ಕಿಟ್ ಯಾಕಾಗಬಾರದು?

ಕಾಗದದ ಮೇಲೆ ಆದೀತು. ಫಾರ್ಮುಲಾ ಒನ್ ಓಡಿಸಲು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ಗ್ರೇಡ್ 1 ಮಾನ್ಯತೆ ಬೇಕು. ಹೊಸ ಟ್ರ್ಯಾಕ್ ಕನಿಷ್ಠ 3.5 ಕಿ.ಮೀ. ಉದ್ದ, 12 ಮೀಟರ್ ಅಗಲ ಇರಬೇಕು. ಕಾರುಗಳು ಸಾಲುಗಟ್ಟಿ ಹೊರಡುವ ಕಡೆ 15 ಮೀಟರ್. ನೇರ ದಾರಿ 2 ಕಿ.ಮೀ. ಮೀರುವಂತಿಲ್ಲ. ಇದರಲ್ಲಿ ಡಾಂಬರಿನ ಪಾಲು ಚಿಕ್ಕದು. ತಿರುವು ತಪ್ಪಿದ ಕಾರಿನ ವೇಗ ಇಳಿಯಲು ಬಿಟ್ಟ ಜಾಗ, ಟೈರುಗಳ ತಡೆಗೋಡೆ, ಪಿಟ್ ಕಟ್ಟಡ, ವೈದ್ಯಕೀಯ ಕೇಂದ್ರ, ಹೆಲಿಪ್ಯಾಡ್, ಗ್ಯಾಲರಿ, ಪಾರ್ಕಿಂಗ್ — ಜಮೀನು ನುಂಗುವುದು ಇವು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್‌ನ ಟ್ರ್ಯಾಕ್ 5.125 ಕಿ.ಮೀ.; ಅದಕ್ಕೆ ಹಿಡಿದ ನೆಲ ಸುಮಾರು 875 ಎಕರೆ.

ಆ ಸರ್ಕಿಟ್ಟಿಗೂ ಪುಣೆಗೂ ಒಂದು ನಂಟಿದೆ. 2007ರಲ್ಲಿ ಫಾರ್ಮುಲಾ ಒನ್ ಮುಖ್ಯಸ್ಥ ಬರ್ನಿ ಎಕ್ಲೆಸ್ಟೋನ್ ಜೊತೆ ಭಾರತದಲ್ಲಿ ರೇಸು ನಡೆಸುವ ಒಪ್ಪಂದಕ್ಕೆ ಬಂದದ್ದು ಭಾರತೀಯ ಒಲಿಂಪಿಕ್ ಸಂಸ್ಥೆ. ಆಗ ಅದರ ಅಧ್ಯಕ್ಷರು ಪುಣೆಯ ಸಂಸದ ಸುರೇಶ್ ಕಲ್ಮಾಡಿ. ಪುಣೆ ಕನ್ನಡ ಸಂಘದ ಶಾಲೆಗೆ ಹೆಸರಾಗಿರುವ ಡಾ. ಕಲ್ಮಾಡಿ ಶಾಮರಾಯರ ಮಗ. ಜೇಪೀ ಸಮೂಹ ಹಣ ಹಾಕಿತು, ಜರ್ಮನಿಯ ಹರ್ಮನ್ ಟಿಲ್ಕೆ ನಕ್ಷೆ ಬರೆದರು. 2010ಕ್ಕೆ ಎಂದಿದ್ದ ಮೊದಲ ರೇಸು 2011ರ ಅಕ್ಟೋಬರ್ 30ಕ್ಕೆ ಹೋಯಿತು. ಮೊದಲ ಅಭ್ಯಾಸದಲ್ಲಿ ಬೀದಿನಾಯಿಯೊಂದು ಟ್ರ್ಯಾಕಿಗಿಳಿದು ಕಾರುಗಳನ್ನೇ ನಿಲ್ಲಿಸಿದ್ದನ್ನು ಜಗತ್ತೆಲ್ಲ ನೋಡಿತು. ನಾಯಿಯ ಪಾಡಿಗೆ ಅದು ಅದರ ಊರೇ ತಾನೆ!

ನಿನ್ನ ಮೆಚ್ಚಿನ ಚಾಲಕ ವೆಟಲ್ ಇಲ್ಲಿ ರೇಸು ನಡೆದ ಮೂರು ವರ್ಷವೂ ಗೆದ್ದ. 2013ರ ಬಳಿಕ ಫಾರ್ಮುಲಾ ಒನ್ ಈ ಕಡೆ ಬಂದಿಲ್ಲ. ಉತ್ತರ ಪ್ರದೇಶ ಸರ್ಕಾರ ಇದನ್ನು ಆಟ ಎನ್ನದೆ ಮನರಂಜನೆ ಎಂದು ತೆರಿಗೆ ಹಾಕಿತು. ಫಾರ್ಮುಲಾ ಒನ್ ಕಂಪನಿ ಇಲ್ಲಿ ಗಳಿಸಿದ ಹಣಕ್ಕೆ ಇಲ್ಲಿಯೇ ತೆರಿಗೆ ಕಟ್ಟಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಾಕಿ ಉಳಿಯಿತೆಂದು 2020ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಜೇಪೀಗೆ ಕೊಟ್ಟ ಜಮೀನಿನ ಹಂಚಿಕೆಯನ್ನೇ ರದ್ದು ಮಾಡಿತು. 2023ರಲ್ಲಿ ಮೋಟೋಜಿಪಿ ಬೈಕುಗಳು ಒಮ್ಮೆ ಓಡಿದವು. ವರ್ಷಕ್ಕೆ ಮೂರು ದಿನದ ರೇಸು ಸರಿ, ಮಿಕ್ಕ ದಿನಗಳಲ್ಲಿ ಅಷ್ಟು ದೊಡ್ಡ ಆಸ್ತಿಯನ್ನು ಸಾಕುವವರು ಯಾರು ಎಂಬುದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಇನ್ನು ಇಲ್ಲಿಯ ಮಾತು. ಈ ಬಯಲು ಖಾಲಿ ಅಲ್ಲ. ಪುರಂದರದ ಅಂಜೀರಕ್ಕೆ 2016ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ಸೀತಾಫಲವೂ ಹೆಸರಾದದ್ದು. ಅದೇ ವರ್ಷ ಪುಣೆಯ ಹೊಸ ವಿಮಾನ ನಿಲ್ದಾಣಕ್ಕೂ ಇದೇ ತಾಲ್ಲೂಕನ್ನು ಆರಿಸಿದರು. ಪಾರಗಾವ್, ಖಾನವಡಿ, ಕುಂಭಾರವಳಣ ಮೊದಲಾದ ಏಳು ಹಳ್ಳಿಗಳ ರೈತರು ಭೂಸ್ವಾಧೀನದ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ವಿಮಾನಕ್ಕೇ ಇಷ್ಟು ಜಗ್ಗಾಟವಾದರೆ, ರೇಸ್ ಕಾರಿಗೆ ಹೊಲ ಕೊಡಿ ಎಂದು ಕೇಳುವ ಎದೆಗಾರಿಕೆ ಯಾರಿಗಿದ್ದೀತು?

ಹಾಗಾಗಿ ನೋಡಬೇಕಾದ ಮಾದರಿ ನೋಯ್ಡಾದ್ದಲ್ಲ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕಿದೆ, 3.7 ಕಿ.ಮೀ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಬರೀ 2.1 ಕಿ.ಮೀ. ಅಬ್ಬರವಿಲ್ಲ, ಆದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್ಪುಗಳನ್ನು ವರ್ಷಗಳಿಂದ ನಡೆಸಿಕೊಂಡು ಬಂದವು ಇವೇ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಅವರ ಊರು ಕೂಡ ಕೊಯಮತ್ತೂರೇ.

ದಸರಾ ರಜೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ಮಾಮನದು. ನಿನ್ನಮ್ಮನನ್ನು ಒಪ್ಪಿಸುವುದು ಮಾತ್ರ ನಿನ್ನ ಪಾಲಿನ ಕೆಲಸ. ಅಕ್ಕನ ಮುಂದೆ ಈ ವಿಷಯ ಎತ್ತುವಷ್ಟು ಧೈರ್ಯ ಮಾಮನಿಗಿಲ್ಲ.

ಇಂತಿ,
ನಿನ್ನ ಮಾಮ