ಕತ್ತಲಲ್ಲಿ ಬೆಳೆಯುವ ಬಿಳುಪು

ಡಿಸೆಂಬರ್ ಬಂತೆಂದರೆ ಬ್ರಿಟನ್ನಿನ ಹಿತ್ತಿಲುಗಳಲ್ಲಿ ನೋಡಲು ಹೆಚ್ಚೇನೂ ಉಳಿದಿರುವುದಿಲ್ಲ. ಬೀನ್ಸ್ ಬಳ್ಳಿ ಒಣಗಿ ಕೋಲಿಗೆ ಜೋತುಬಿದ್ದಿರುತ್ತದೆ. ಟೊಮೆಟೊ ಯಾವಾಗಲೋ ಮುಗಿದಿರುತ್ತದೆ. ಆ ಬೋಳು ನೆಲದ ನಡುವೆ ನೀಲಿ ಬೆರೆತ ಹಸಿರು ಎಲೆಗಳನ್ನು ಎರಡು ಬದಿಗೆ ಚಾಚಿಕೊಂಡು, ಮೇಲೆ ಮಂಜು ಹೆಪ್ಪುಗಟ್ಟಿದರೂ ಕ್ಯಾರೇ ಎನ್ನದೆ ಒಂದು ಸಾಲು ಗಿಡ ನಿಂತಿರುತ್ತದೆ. ಅದೇ ಲೀಕ್. ಕಿತ್ತು ಒಣಗಿಸಿ ಕೂಡಿಡುವ ಗೊಡವೆಯಿಲ್ಲ. ಬೇಕಾದ ದಿನ ಬೇಕಾದಷ್ಟನ್ನು ಅಗೆದು ತಂದರಾಯಿತು. ಹಳೆಯ ತರಕಾರಿ ಮುಗಿದು ಹೊಸದು ಇನ್ನೂ ಬಾರದ ಮಾರ್ಚ್‌ನ ಕಷ್ಟದ ದಿನಗಳವರೆಗೂ ನೆಲವೇ ಅದರ ಉಗ್ರಾಣ.

ಈರುಳ್ಳಿ, ಬೆಳ್ಳುಳ್ಳಿಗಳ ಕುಲದ್ದೇ ಆದರೂ ಲೀಕ್ ಅವುಗಳ ಹಾಗೆ ಗಡ್ಡೆ ಕಟ್ಟುವುದಿಲ್ಲ. ತಿನ್ನುವ ಬಿಳಿ ಭಾಗ ನೋಡಲು ಕಾಂಡದಂತಿದ್ದರೂ, ಬಾಳೆಕಂಬದ ಹಾಗೆ ಎಲೆಯ ಬುಡಗಳೇ ಒಂದರೊಳಗೊಂದು ಸುತ್ತಿಕೊಂಡು ಆದದ್ದು. ಬೆಳಕು ತಾಗಿದ ಕಡೆ ಅದು ಹಸಿರಾಗಿ ಗಡುಸಾಗುತ್ತದೆ. ಮಣ್ಣಿನ ಮರೆಯಲ್ಲಿದ್ದದ್ದು ಬಿಳುಪಾಗಿ, ಎಳೆಯದಾಗಿ, ತುಸು ಸಿಹಿಯಾಗಿ ಉಳಿಯುತ್ತದೆ. ಅಂದರೆ ಒಂದು ಲೀಕ್‌ನಲ್ಲಿ ಬಿಳುಪು ಎಷ್ಟುದ್ದ ಇರಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೆಟ್ಟವರ ಕೈ. ಈ ಬೆಳೆಯ ಸೊಗಸೆಲ್ಲ ಇರುವುದು ಅಲ್ಲೇ.

ಪೇಟೆಯಲ್ಲಿ ಸಿದ್ಧ ಸಸಿಗಳೂ ಸಿಗುತ್ತವೆ. ಆದರೆ ಬೀಜದಿಂದ ಬೆಳೆದವರಿಗಷ್ಟೇ ಲೀಕ್‌ನ ಪೂರ್ತಿ ಪರಿಚಯ. ಬೀಜ ಈರುಳ್ಳಿಯದರಂತೆಯೇ ಕಪ್ಪಗೆ, ಸಣ್ಣಗೆ, ಮೂಲೆಮೂಲೆಯಾಗಿರುತ್ತದೆ; ಒಂದು ಗ್ರಾಮಿಗೆ 300ಕ್ಕೂ ಹೆಚ್ಚು. ತಳಿಗಳಲ್ಲಿ ಆಯ್ಕೆ ಬೇಕಾದಷ್ಟಿದೆ. ಎಡಿನ್‌ಬರೊ ಪಕ್ಕದ ಊರಿನ ಹೆಸರು ಹೊತ್ತ ಮಸಲ್‌ಬರೊ 1834ರಿಂದ ಬೆಳೆಯುತ್ತ ಬಂದಿರುವ ಸ್ಕಾಟ್ಲೆಂಡಿನ ಗಟ್ಟಿ ತಳಿ. ಗಿಡ್ಡ, ದಪ್ಪ, ಎಂಥ ಚಳಿಗೂ ಜಗ್ಗದು. ಫ್ರಾನ್ಸಿನ ಬ್ಲೂ ದ ಸೊಲೇಜ್‌ನ ಎಲೆ ಚಳಿಗಾಲದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನೋಡುವುದಕ್ಕೇ ಒಂದು ಚೆಂದ. ಬೇಗ ಬೇಕು, ಉದ್ದ ಬೇಕು ಎನ್ನುವವರಿಗೆ ಕಿಂಗ್ ರಿಚರ್ಡ್. ಅದಕ್ಕೆ ಕಡುಚಳಿ ಮಾತ್ರ ಆಗಿಬರದು. ಮನೆಯ ತೋಟಕ್ಕೆ ಒಂದೇ ಒಂದು ತಳಿ ಆರಿಸುವುದಾದರೆ ಮಸಲ್‌ಬರೊ ಸಾಕು.

ಬ್ರಿಟನ್ನಿನವರು ಫೆಬ್ರುವರಿಯಿಂದ ಏಪ್ರಿಲ್ ಒಳಗೆ ತಟ್ಟೆಯಲ್ಲೋ ಸಸಿಮಡಿಯಲ್ಲೋ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತುತ್ತಾರೆ. ನೆಲ ತಣ್ಣಗಿದ್ದರೆ ಮೊಳೆಯಲು ಎರಡು-ಮೂರು ವಾರ ಬೇಕು. ಮೊಳಕೆ ಬರುವ ಬಗೆಯನ್ನು ಮಂಡಿಯೂರಿ ಹತ್ತಿರದಿಂದ ನೋಡಬೇಕು. ತುದಿ ಮೊದಲು ಹೊರಬರುವುದಿಲ್ಲ. ಎಳೆ ಎರಡಾಗಿ ಮಡಚಿಕೊಂಡು, ಬಾಗಿದ ಬೆನ್ನಿನಿಂದ ಮಣ್ಣನ್ನು ಒತ್ತಿ ಮೇಲೇಳುತ್ತದೆ. ತುದಿ ಇನ್ನೂ ಕೆಳಗೆ ಬೀಜದೊಳಗೇ ಇದ್ದು ಅಲ್ಲಿ ಉಳಿದ ಆಹಾರವನ್ನು ಹೀರುತ್ತಿರುತ್ತದೆ. ಕೆಲವು ದಿನ ಮಡಿಯ ತುಂಬ ಹಸಿರು ಕೊಂಡಿಗಳೇ. ಆಮೇಲೆ ಒಂದೊಂದಾಗಿ ತುದಿಗಳು ಮಣ್ಣಿನಿಂದ ಬಿಡಿಸಿಕೊಂಡು ನೆಟ್ಟಗಾಗುತ್ತವೆ. ಕಪ್ಪು ಬೀಜದ ಸಿಪ್ಪೆ ಎಷ್ಟೋ ಸಸಿಗಳ ನೆತ್ತಿಯಲ್ಲಿ ಅಂಟಿಕೊಂಡೇ ಇರುತ್ತದೆ. ಅದನ್ನು ಕೈಯಿಂದ ಕೀಳಲು ಹೋಗಬಾರದು, ತಾನಾಗಿ ಉದುರುತ್ತದೆ.

ನಂತರದ ಎರಡು-ಮೂರು ತಿಂಗಳು ಸಸಿಗಳು ದಾರದಷ್ಟು ತೆಳ್ಳಗೇ ಇರುತ್ತವೆ. ಅವು ಬೆಳೆಯುತ್ತಿವೆಯೋ ಇಲ್ಲವೋ ಎಂದು ಅನುಮಾನ ಬರುವ ಹೊತ್ತು ಇದು. ಬೆಳಕು, ತೇವ ಇವೆರಡು ತಪ್ಪದಿದ್ದರೆ ಸಾಕು. ಪೆನ್ಸಿಲ್ ದಪ್ಪಕ್ಕೆ ಬಂದು 20 ಸೆಂಟಿಮೀಟರ್ ಎತ್ತರವಾದ ಸಸಿ ನಾಟಿಗೆ ಸಿದ್ಧ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಅದು ಜೂನ್ ತಿಂಗಳು.

ನಾಟಿಯ ದಿನದ ಕೆಲಸ ತರಕಾರಿ ಬೆಳೆಯುವವರಿಗೆ ಸಿಗುವ ಹೆಚ್ಚಿನ ಸುಖಗಳಲ್ಲೊಂದು. ಚೂಪು ಗೂಟದಿಂದ ಅರ್ಧ ಅಡಿ ಆಳದ ತೂತು ಹಾಕಬೇಕು. ಗೂಟವನ್ನು ಹಾಗೇ ಎಳೆಯದೆ ಒಂದು ಸುತ್ತು ತಿರುಗಿಸಿ ತೆಗೆದರೆ ತೂತಿನ ಗೋಡೆ ಕುಸಿಯುವುದಿಲ್ಲ. ಪ್ರತಿ ತೂತಿಗೂ ಒಂದು ಸಸಿ ಇಳಿಬಿಡಬೇಕು. ಎಲೆಯ ತುದಿಗಳಷ್ಟೇ ಮೇಲೆ ಕಾಣುತ್ತವೆ. ಇಲ್ಲಿ ಹೊಸಬರ ಕೈ ತಾನಾಗಿ ಮಣ್ಣಿನತ್ತ ಹೋಗುತ್ತದೆ, ಗಿಡ ನೆಟ್ಟ ಮೇಲೆ ಬುಡ ಮುಚ್ಚುವುದು ಎಲ್ಲರಿಗೂ ರೂಢಿಯಲ್ಲವೇ? ಲೀಕ್‌ಗೆ ಅದು ಬೇಡ. ತೂತಿನ ಬಾಯಿವರೆಗೆ ನೀರು ಹೊಯ್ದು ಬಿಟ್ಟುಬಿಡಬೇಕು. ನೀರು ಇಂಗುತ್ತ ಒಂದಿಷ್ಟು ಮೆತ್ತನೆಯ ಮಣ್ಣನ್ನು ಬೇರಿನ ಮೇಲೆ ತಾನೇ ಎಳೆದು ಕೂರಿಸುತ್ತದೆ. ಉಳಿದ ಜಾಗ ಹಾಗೇ ಖಾಲಿ ಇದ್ದು, ಗಿಡ ದಪ್ಪವಾಗುತ್ತ ಬಂದಂತೆ ಅದನ್ನು ತುಂಬಿಕೊಳ್ಳುತ್ತದೆ. ಗಿಡದಿಂದ ಗಿಡಕ್ಕೆ ಅರ್ಧ ಅಡಿ, ಸಾಲಿನಿಂದ ಸಾಲಿಗೆ ಒಂದು ಅಡಿ. ಎಲೆಗಳು ಸಾಲಿನ ಉದ್ದಕ್ಕೇ ಚಾಚುವಂತೆ ಸಸಿಯನ್ನು ತಿರುಗಿಸಿ ಇಟ್ಟರೆ ಪಕ್ಕದ ಸಾಲಿನಲ್ಲಿ ಕಳೆ ತೆಗೆಯುವಾಗ ಎಲೆ ಕೈಗೆ ಸಿಕ್ಕಿ ಮುರಿಯುವುದಿಲ್ಲ.

ಇನ್ನೂ ಉದ್ದನೆಯ ಬಿಳುಪು ಬೇಕೆನ್ನುವವರು ಗಿಡ ಬೆಳೆದಂತೆಲ್ಲ ಬುಡಕ್ಕೆ ಮಣ್ಣು ಏರಿಸುತ್ತಾರೆ, ಇಲ್ಲವೇ ರಟ್ಟಿನ ಕೊಳವೆ ತೊಡಿಸುತ್ತಾರೆ. ಒಂದೇ ಸಲ ಬಹಳ ಮಣ್ಣು ಸುರಿದರೆ ಅದು ಎಲೆಗಳ ಸಂದಿಗೆ ಇಳಿದು, ಕೊನೆಗೆ ಅಡುಗೆಮನೆಯಲ್ಲಿ ಹಲ್ಲಿಗೆ ಸಿಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಏರಿಸುವುದೇ ಸರಿ.

ಲೀಕ್ ಮೇಲಿನ ಪ್ರೀತಿ ಹೊಸದಲ್ಲ. ಈಜಿಪ್ಟ್ ಬಿಟ್ಟು ಮರುಭೂಮಿ ಸೇರಿದ ಇಸ್ರಾಯೇಲರು ನೆನೆದು ಹಲುಬಿದ ತಿನಿಸುಗಳಲ್ಲಿ ಸೌತೆ, ಈರುಳ್ಳಿ, ಬೆಳ್ಳುಳ್ಳಿಗಳ ಜೊತೆ ಲೀಕ್ ಕೂಡ ಇತ್ತೆಂದು ಬೈಬಲ್ ಹೇಳುತ್ತದೆ. ರೋಮಿನ ಚಕ್ರವರ್ತಿ ನೀರೋ ಹಾಡುವ ಕಂಠ ಚೆನ್ನಾಗಿರಲೆಂದು ತಿಂಗಳ ಕೆಲವು ದಿನ ಎಣ್ಣೆಯಲ್ಲಿಟ್ಟ ಲೀಕ್ ಮಾತ್ರ ತಿನ್ನುತ್ತಿದ್ದ ಎಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ವೇಲ್ಸ್ ದೇಶಕ್ಕಂತೂ ಅದು ಲಾಂಛನವೇ. ಮಾರ್ಚ್ 1ರ ಸಂತ ಡೇವಿಡ್‌ ದಿನ ವೆಲ್ಷ್ ಜನ ಅದನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ವೆಲ್ಷ್ ಪಡೆಗಳ ಸೈನಿಕರು ಹಸಿ ಲೀಕ್ ಕಚ್ಚಿ ತಿನ್ನುವ ಸಂಪ್ರದಾಯವೂ ಇದೆ. 1985ರ ಒಂದು ಪೌಂಡ್ ನಾಣ್ಯದ ಮೇಲೆ ಲೀಕ್ ಬಂತು. ಅದಕ್ಕೂ ಮುಂಚೆ, 1953ರಲ್ಲಿ, ಎರಡನೇ ಎಲಿಜಬೆತ್ ಪಟ್ಟಾಭಿಷೇಕದ ಉಡುಪಿನ ಕಸೂತಿಗೆ ವಿನ್ಯಾಸಕ ನಾರ್ಮನ್ ಹಾರ್ಟ್‌ನೆಲ್ ವೇಲ್ಸ್ ಪರವಾಗಿ ಡ್ಯಾಫೊಡಿಲ್ ಹೂ ಬಯಸಿದ್ದರು. ಲಾಂಛನಗಳ ಅಧಿಕಾರಿ ಒಪ್ಪಲಿಲ್ಲ. ಹಾಗಾಗಿ ಭಾರತದ ಕಮಲವಿದ್ದ ಅದೇ ಬಟ್ಟೆಯ ಮೇಲೆ ಲೀಕ್ ಕೂಡ ಕೂತಿತು.

ಆದರೆ ಲೀಕ್‌ಗಾಗಿ ನಿಜವಾಗಿ ನಿದ್ದೆಗೆಟ್ಟವರು ಇಂಗ್ಲೆಂಡಿನ ಈಶಾನ್ಯದ ನಾರ್ಥಂಬರ್‌ಲ್ಯಾಂಡ್, ಡರಮ್ ಪ್ರದೇಶಗಳ ಕಲ್ಲಿದ್ದಲ ಗಣಿಯವರು. ಹಗಲೆಲ್ಲ ನೆಲದಡಿಯ ಕತ್ತಲಲ್ಲಿ ದುಡಿದು ಬಂದವರಿಗೆ ಮನೆಯ ಹಿಂದಿನ ತುಂಡು ನೆಲವೇ ಆಕಾಶ, ಗಾಳಿ ಎಲ್ಲ. ಸೆಪ್ಟೆಂಬರಿನಲ್ಲಿ ಪಬ್ಬುಗಳಲ್ಲಿ, ಕಾರ್ಮಿಕರ ಕ್ಲಬ್ಬುಗಳಲ್ಲಿ ಲೀಕ್ ಪ್ರದರ್ಶನ. ಅವರ ಹೆಮ್ಮೆಯ ತಳಿ ಪಾಟ್ ಲೀಕ್: ಬಿಳುಪು ಆರು ಇಂಚು ಮೀರಬಾರದು, ಹಿಗ್ಗುವುದೆಲ್ಲ ದಪ್ಪಕ್ಕೇ. ತೀರ್ಪುಗಾರರು ಉದ್ದ, ಸುತ್ತಳತೆ ಹಿಡಿದು ಘನ ಇಂಚುಗಳಲ್ಲಿ ಲೆಕ್ಕ ಹಾಕುತ್ತಾರೆ. ಪೀಠೋಪಕರಣ, ಮನೆಬಳಕೆಯ ಸಾಮಾನು ಬಹುಮಾನವಾಗಿ ಸಿಗುತ್ತಿದ್ದ ಕಾಲದಲ್ಲಿ ಗೆಲುವಿನಿಂದ ಮನೆಗೇ ಲಾಭ. ಅದಕ್ಕೇ ರಾತ್ರೋರಾತ್ರಿ ಎದುರಾಳಿಯ ಗಿಡಗಳನ್ನು ಚಾಕುವಿನಿಂದ ಸೀಳಿ ಹೋಗುವ ದುಷ್ಟರೂ ಇದ್ದರು. ಪ್ರದರ್ಶನ ಹತ್ತಿರವಾದಂತೆ ತೋಟದ ಗುಡಿಸಲಲ್ಲೇ ಮಲಗಿ ಕಾವಲು ಕಾಯುವವರೂ ಇದ್ದರು. ಗೊಬ್ಬರದ ಪಾಕ ಯಾವುದೆಂದು ಯಾರೂ ಬಾಯಿಬಿಡುತ್ತಿರಲಿಲ್ಲ.

ಸ್ಪರ್ಧೆಗೆ ಬೆಳೆಯುವವರು ಬೀಜವನ್ನು ಅಷ್ಟಾಗಿ ನಂಬುವುದಿಲ್ಲ ಎಂಬುದನ್ನೂ ಹೇಳಬೇಕು. ಬೀಜದ ಸಸಿಗಳು ಒಂದೊಂದೂ ಒಂದೊಂದು ಬಗೆ. ಲೀಕ್ ಎರಡನೇ ವರ್ಷ ಆಳೆತ್ತರದ ದಂಟೆತ್ತಿ ಚೆಂಡಿನಂಥ ಹೂಗೊಂಚಲು ಬಿಡುತ್ತದೆ. ಸ್ಪರ್ಧೆಯವರು ಅದರ ಹೂಗಳನ್ನು ಹೆರೆದುಬಿಡುತ್ತಾರೆ. ಆ ಜಾಗದಲ್ಲಿ ತಾಯಿಗಿಡದ ಪಡಿಯಚ್ಚಾದ ಪುಟ್ಟ ಮರಿಗಳು ಹುಟ್ಟುತ್ತವೆ, ಮುಂದಿನ ವರ್ಷಕ್ಕೆ ಅವೇ ಸಸಿ. ಬಹುಮಾನಕ್ಕೆ ಆ ದಾರಿಯೇ ಸರಿ. ಊಟಕ್ಕೆ ಬೆಳೆಯುವವರಿಗೆ ಬೀಜದ ಗಿಡಗಳ ಹೆಚ್ಚುಕಡಿಮೆ ಒಂದು ಅನುಕೂಲವೇ: ದಪ್ಪನಾದದ್ದನ್ನು ಮೊದಲು ಕೀಳಬಹುದು, ತೆಳ್ಳನೆಯದು ಇನ್ನಷ್ಟು ಬೆಳೆಯಲಿ ಎಂದು ಬಿಡಬಹುದು.

ಶತ್ರುಗಳು ಕೆಲವಿವೆ. ತೇವದ ದಿನಗಳಲ್ಲಿ ಎಲೆಯ ಮೇಲೆ ಕಿತ್ತಳೆ ಬಣ್ಣದ ತುಕ್ಕು ರೋಗ. ಎಲೆ ಕೊರೆಯುವ ಲೀಕ್ ಪತಂಗದ ಹುಳು. 2002ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಕಾಣಿಸಿಕೊಂಡ, ಎಲೆಯೊಳಗೆ ಸುರಂಗ ತೋಡುವ ಒಂದು ನೊಣದ ಮರಿ. ಔಷಧಿಗಿಂತ ಸಣ್ಣ ಕಣ್ಣಿನ ಬಲೆ ಹೊದಿಸುವುದು ವಾಸಿ.

ಕೀಳುವಾಗ ಎಲೆ ಹಿಡಿದು ಜಗ್ಗಬಾರದು, ಬೇರಿನ ಹಿಡಿತ ಬಿಗಿ. ಗುದ್ದಲಿಯಿಂದ ಬುಡ ಸಡಿಲಿಸಿ ಎತ್ತಬೇಕು. ಉದ್ದಕ್ಕೆ ಸೀಳಿ, ಪದರ ಬಿಡಿಸಿ ತೊಳೆದರೆ ಮಣ್ಣು ಹೋಗುತ್ತದೆ. ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿದಾಗ ಈರುಳ್ಳಿಯ ಘಾಟಿಲ್ಲದ ಒಂದು ಮೃದುವಾದ ಪರಿಮಳ ಏಳುತ್ತದೆ. ಆಲೂಗಡ್ಡೆ ಜೊತೆಗಿನ ಸೂಪು ಫ್ರಾನ್ಸಿನ ಮನೆಮನೆಯದು. ಅದನ್ನೇ ತಣ್ಣಗೆ ಬಡಿಸಿ ವಿಶಿಸ್ವಾಜ್ ಎಂದು ಹೆಸರಿಟ್ಟವರು ನ್ಯೂಯಾರ್ಕಿನ ಹೋಟೆಲಿನಲ್ಲಿದ್ದ ಬಾಣಸಿಗ ಲೂಯಿ ದಿಯಾ, 1917ರಲ್ಲಿ. ನಮ್ಮ ನಾಲಿಗೆಗೆ ಹತ್ತಿರದ್ದು ಶ್ರೀಲಂಕಾದ ರೀತಿ. ಅಲ್ಲಿನ ನುವಾರ ಎಲಿಯ ಬೆಟ್ಟಗಳಲ್ಲಿ ಲೀಕ್ ಸಾಮಾನ್ಯ ಬೆಳೆ. ಹಸಿರು ಭಾಗವನ್ನೂ ಬಿಸಾಡದೆ ಸಣ್ಣಗೆ ಹೆಚ್ಚಿ, ಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಿಸಿ ಅನ್ನಕ್ಕೆ ಕಲಸಿಕೊಳ್ಳುತ್ತಾರೆ.

ಬೆಂಗಳೂರಿನಂಥ ತಂಪು ಊರಿನ ತಾರಸಿಯಲ್ಲೂ ಇದನ್ನು ಬೆಳೆಯಬಹುದು. ಸೆಪ್ಟೆಂಬರಿನಲ್ಲಿ ತಟ್ಟೆಗೆ ಬಿತ್ತಿ, ಮಳೆ ಹಿಂದೆಗೆದು ಚಳಿ ಶುರುವಾಗುವ ನವೆಂಬರಿನಲ್ಲಿ ನಾಟಿ ಮಾಡಿದರೆ ಬೇಸಿಗೆ ಬಲಿಯುವ ಮೊದಲೇ ಕೈಗೆ ಬರುತ್ತದೆ. ಸ್ಕಾಟ್ಲೆಂಡಿನ ದಪ್ಪ ಬಾರದಿದ್ದರೂ ರುಚಿಗೆ ಮೋಸವಿಲ್ಲ. ಎತ್ತರದ ಗ್ರೋ ಬ್ಯಾಗನ್ನು ಅರ್ಧಕ್ಕಷ್ಟೇ ತುಂಬಿ ನೆಟ್ಟು, ಗಿಡ ಬೆಳೆದಂತೆ ಮಣ್ಣು, ಗೊಬ್ಬರ ಸೇರಿಸುತ್ತ ಹೋಗಿ. ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ವರ್ಷ ನೋಡಿ, ಆ ವರ್ಷದ್ದನ್ನೇ ತನ್ನಿ. ಎರಡು ವರ್ಷ ದಾಟಿದ ಲೀಕ್ ಬೀಜ ಮೊಳೆಯುವುದು ಕಡಿಮೆ.