ನೈಜರ್ ಸೇತುವೆ ದಾಟಿದರೆ ಹಬ್ಬ

ಇನ್ನೂ ಕತ್ತಲೆ ಹರಿದಿಲ್ಲ. ನೈಜೀರಿಯಾದ ಲೇಗಸ್‌ನ ಬಾಡಿಗೆ ಮನೆಯ ಮುಂದೆ ಅಪ್ಪ ಪ್ಯೂಜೊ 504ರ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದಾರೆ. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಕಡಲೆಕಾಯಿ ಎಣ್ಣೆಯ ಡಬ್ಬ, ಬಿಸ್ಕತ್ತಿನ ಟಿನ್ನುಗಳು, ಊರಿನ ಮುದುಕರಿಗೆಂದು ಕೊಂಡ ಸೋಪು, ಒಣಮೀನು. ಎಲ್ಲದರ ಮೇಲೆ, ಸುಕ್ಕಾಗದಂತೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ನಿನ್ನ ಹಬ್ಬದ ಫ್ರಾಕು. ಇದು 1983ರ ಡಿಸೆಂಬರ್. ನಿನಗೆ ಒಂಬತ್ತು ವರ್ಷ. ನಿನ್ನೆ ಇಡೀ ಮಧ್ಯಾಹ್ನ ಪಕ್ಕದ ಮನೆಯಾಕೆ ನಿನ್ನ ಕೂದಲನ್ನು ಪಾಲು ಪಾಲಾಗಿ ಬಿಡಿಸಿ, ಕಪ್ಪು ದಾರ ಬಿಗಿದು ಸುತ್ತಿದ್ದಾಳೆ. ಹುಬ್ಬು ಎತ್ತಿದರೂ ನೆತ್ತಿ ಜಗ್ಗುತ್ತದೆ. ಆದರೂ ತುಟಿ ಪಿಟಕ್ಕೆನ್ನುವಂತಿಲ್ಲ. ಹಬ್ಬದ ಜಡೆಗೆ ಅತ್ತೆಯೆಂದು ಗೊತ್ತಾದರೆ ಊರಿನ ಹುಡುಗಿಯರು ಬಿಟ್ಟಾರೆಯೇ?

ಲೇಗಸ್‌ನಲ್ಲೂ ಕ್ರಿಸ್ಮಸ್ ಇದೆ. ಮರೀನಾ ರಸ್ತೆಯ ಕಿಂಗ್ಸ್‌ವೇ ಅಂಗಡಿಯಲ್ಲಿ ಬಿಳಿ ಗಡ್ಡದ ಫಾದರ್ ಕ್ರಿಸ್ಮಸ್ ಕೂತಿರುತ್ತಾನೆ. ಎರಡು ವರ್ಷದ ಹಿಂದೆ ಬಂದ ಬೋನಿ ಎಂ ತಂಡದ ಕ್ರಿಸ್ಮಸ್ ಕ್ಯಾಸೆಟ್ಟು ಬೀದಿ ಬೀದಿಯಲ್ಲಿ ಹಾಡುತ್ತಿದೆ. ಆದರೆ ಪೂರ್ವ ಸೀಮೆಯ ಇಗ್ಬೋ ಜನಾಂಗದ ಮಗುವಿಗೆ ಇದೆಲ್ಲ ಬರೀ ಪೀಠಿಕೆ. ನಿನ್ನ ಹಬ್ಬ ಇರುವುದು ಪೂರ್ವಕ್ಕೆ, 450 ಕಿಲೋಮೀಟರಿಗೂ ಆಚೆ, ಅಪ್ಪನ ಅಪ್ಪ ಹುಟ್ಟಿದ ಹಳ್ಳಿಯಲ್ಲಿ.

ದಾರಿಯುದ್ದಕ್ಕೂ ಹರ್ಮಟಾನ್ ಗಾಳಿ. ಸಹಾರಾದಿಂದ ನುಣ್ಣನೆಯ ಧೂಳು ಹೊತ್ತು ತರುವ ಈ ಗಾಳಿಗೆ ಬೆಳಗಿನ ಸೂರ್ಯ ಕಳೆಗುಂದಿ, ಕಣ್ಣಿಟ್ಟು ನೋಡಬಹುದಾದಷ್ಟು ತಣ್ಣಗಾಗಿದ್ದಾನೆ. ತುಟಿ ಒಡೆದಿದೆ. ಅಮ್ಮ ಮುಂದಿನ ಸೀಟಿನಿಂದ ವ್ಯಾಸಲೀನ್ ಡಬ್ಬಿ ಹಿಂದಕ್ಕೆ ಚಾಚುತ್ತಾಳೆ. ಓರೆ ಊರಿನಲ್ಲಿ ಕಾರು ನಿಂತದ್ದೇ ತಡ, ತಲೆಯ ಮೇಲೆ ಬ್ರೆಡ್ಡು, ಹುರಿದ ಬಾಳೆಕಾಯಿ ಚಿಪ್ಸು, ಬೇಯಿಸಿದ ಕಡಲೆಕಾಯಿ ಹೊತ್ತ ಹುಡುಗಿಯರು ಕಿಟಕಿಗೆ ಮುತ್ತುತ್ತಾರೆ. ಮುಂದೆ ಕಾಡಿನ ಅಂಚಿನಲ್ಲಿ ಬೇಟೆಗಾರರು ಹೊಡೆದ ಪ್ರಾಣಿಗಳನ್ನು ಕೋಲಿಗೆ ಕಟ್ಟಿ ಮೇಲೆತ್ತಿ ತೋರಿಸುತ್ತಾರೆ. ಬೆನಿನ್ ಸಿಟಿ ದಾಟಿತು. ಅಸಾಬಾ ಬಂತು. ಅಲ್ಲಿಗೆ ಕಾರು ನಿಂತಿತು.

ನಿಂತದ್ದು ನಿಂತೇ ಇದೆ. ಮುಂದೆ ಬಸ್ಸು, ಹಿಂದೆ ಬಸ್ಸು, ಅವುಗಳ ನೆತ್ತಿಯ ಮೇಲೆ ಹಾಸಿಗೆ, ಸೈಕಲ್ಲು, ಕಾಲು ಕಟ್ಟಿದ ಮೇಕೆ. ಪಶ್ಚಿಮದಲ್ಲಿ ದುಡಿಯುವ ಇಗ್ಬೋ ಜನರೆಲ್ಲ ಒಂದೇ ವಾರದಲ್ಲಿ ಒಂದೇ ಸೇತುವೆಗೆ ಬಂದು ಸೇರಿದ್ದಾರೆ. ಯಾರಿಗೂ ಸಿಟ್ಟಿಲ್ಲ. ಗುರುತಿಲ್ಲದವರು ಕಿಟಕಿಯಿಂದ ಕಿಟಕಿಗೆ ಕಿತ್ತಳೆ ಹಣ್ಣು ದಾಟಿಸುತ್ತಾ ‘ಯಾವೂರಾಯ್ತು?’ ಎಂದು ವಿಚಾರಿಸುತ್ತಿದ್ದಾರೆ. ಸಂಜೆಯ ಹೊತ್ತಿಗೆ ಸೇತುವೆಯ ಉಕ್ಕಿನ ಚೌಕಟ್ಟುಗಳು ಕಾಣುತ್ತವೆ, ಕೆಳಗೆ ಅಗಲವಾಗಿ, ಅವಸರವಿಲ್ಲದೆ ನೈಜರ್ ನದಿ. 1965ರಲ್ಲಿ ಮುಗಿದ ಈ ಸೇತುವೆಯನ್ನು, ಎರಡೇ ವರ್ಷದಲ್ಲಿ, ಅಂತರ್ಯುದ್ಧದಲ್ಲಿ ಹಿಮ್ಮೆಟ್ಟುತ್ತಿದ್ದ, ನೈಜೀರಿಯಾದಿಂದ ಬೇರೆಯಾಗಲು ಹೊರಟ ಇಗ್ಬೋ ನಾಡು ಬಯಾಫ್ರಾದ ಸೈನಿಕರೇ ಆಚೆ ದಡದ ಒನಿಚಾ ಬದಿಯಲ್ಲಿ ಸಿಡಿಸಿ ಮುರಿದಿದ್ದರು. ನಿನಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿರುವುದು ಇಷ್ಟೇ: ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದ ಅಪ್ಪ ಸೇತುವೆಯ ಮೇಲೆ ಮಾತ್ರ ಸುಮ್ಮನಾಗುತ್ತಾರೆ. ಆಚೆ ದಡ ಮುಟ್ಟಿದ ಮೇಲೆ ಒಂದು ಉಸಿರು ಬಿಟ್ಟು, ‘ಹ್ಞಾಂ, ಮನೆಗೆ ಬಂದ್ವಿ’ ಎನ್ನುತ್ತಾರೆ.

ಆ ಮೌನದ ಲೆಕ್ಕ ದೊಡ್ಡದು. 1966ರಲ್ಲಿ ಉತ್ತರದ ಊರುಗಳಲ್ಲಿ ಇಗ್ಬೋ ಜನರ ಕಗ್ಗೊಲೆಯಾದಾಗ ಬದುಕಿ ಉಳಿದವರಿಗೆ ಓಡಿಬರಲು ಇದ್ದದ್ದು ಹಳ್ಳಿಯೊಂದೇ. 1970ರಲ್ಲಿ ಯುದ್ಧ ಮುಗಿದಾಗ, ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿದ್ದರೂ, ಕೈಗೆ ಬಂದದ್ದು ತಲಾ 20 ಪೌಂಡು. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಕಟ್ಟಿದ್ದ ಮನೆಗಳನ್ನು ‘ಬಿಟ್ಟುಹೋದ ಆಸ್ತಿ’ ಎಂದು ಬೇರೆಯವರಿಗೆ ಹಂಚಿಬಿಟ್ಟರು. ಅದಕ್ಕೇ ಈಗ ನಗರದಲ್ಲಿ ಒಂದು ಕೋಣೆಯಲ್ಲಿ ಬಾಡಿಗೆಗಿರುವವನೂ ಊರಲ್ಲಿ ಮನೆ ಕಟ್ಟುತ್ತಾನೆ. ಹನ್ನೊಂದು ತಿಂಗಳು ಬೀಗ ಹಾಕಿಡುವ ಮನೆಗೆ ಇಷ್ಟು ಖರ್ಚೇಕೆ ಎಂದು ಹೊರಗಿನವರು ಕೇಳುತ್ತಾರೆ. ಡಿಸೆಂಬರ್‌ನಲ್ಲಿ ಬಾಗಿಲು ತೆರೆದು ‘ನಾನಿನ್ನೂ ಇದ್ದೇನೆ’ ಎಂದು ಊರಿಗೆ ತೋರಿಸಬೇಕಲ್ಲ, ಅದಕ್ಕೆ. ನನ್ನ ಮಟ್ಟಿಗೆ ಈ ಹಬ್ಬದ ಜೀವವೇ ಅಲ್ಲಿದೆ.

ಕೆಂಪು ಮಣ್ಣಿನ ಅಂಗಳಕ್ಕೆ ಕಾರು ತಿರುಗಿದಾಗ ಕತ್ತಲಾಗಿದೆ. ಲಾಟೀನು ಹಿಡಿದು ಅಜ್ಜಿ ಓಡಿ ಬರುತ್ತಾಳೆ. ‘ಬಂದ್ಯಾ ತಾಯೀ, ಬಂದ್ಯಾ’ ಎಂದು ನಿನ್ನ ಮುಖ, ತೋಳು, ಬೆನ್ನು ಸವರುತ್ತಾಳೆ. ಅವಳ ಮೈಯಲ್ಲಿ ಸೌದೆ ಹೊಗೆ ಮತ್ತು ತಾಳೆ ಎಣ್ಣೆಯ ವಾಸನೆ.

ಮುಂದಿನ ದಿನಗಳು ಅಡುಗೆಯವು. ಮೂರು ಕಲ್ಲಿನ ಒಲೆಯ ಮೇಲೆ ಎಣ್ಣೆ ಕಾದಿದೆ. ಮೈದಾ ಹಿಟ್ಟಿಗೆ ಸಕ್ಕರೆ, ಬೆಣ್ಣೆ, ಮೊಟ್ಟೆ, ತುರಿದ ಜಾಜಿಕಾಯಿ ಸೇರಿಸಿ ನಾದಿ, ಲಟ್ಟಿಸಿ, ಚೌಕ ಚೌಕವಾಗಿ ಕತ್ತರಿಸಿ ಕರಿದರೆ ಚಿನ್‌ಚಿನ್. ನಮ್ಮ ಶಂಕರಪೋಳಿಯ ಖಾಸಾ ತಂಗಿಯೇ ಸರಿ. ಕತ್ತರಿಸುವ ಕೆಲಸ ಮಕ್ಕಳದು. ಕದ್ದು ತಿನ್ನುವುದೂ. ಉದಲಾ ಮರದ ಕೆಳಗೆ ಮೇಕೆ ಕಟ್ಟಿದೆ. ಆ ಮರದ ಹಣ್ಣಿಗೆ ಯಾರೂ ಕೈ ಹಾಕಿ ಕೀಳುವಂತಿಲ್ಲ, ತಾನಾಗಿ ಉದುರಿದ್ದನ್ನು ಮೊದಲು ಕಂಡ ಮಗುವಿಗೆ. ನಸುಕಿನಲ್ಲಿ ‘ದಪ್’ ಎಂದು ಸದ್ದಾದರೆ ನೀನೂ ಅಣ್ಣನೂ ಹಾಸಿಗೆಯಿಂದ ಹಾರಿ ಓಡುತ್ತೀರಿ.

ಕ್ರಿಸ್ಮಸ್ ಹಿಂದಿನ ರಾತ್ರಿ ಚರ್ಚು. ಗೇಟಿಗೆ, ಬಾಗಿಲಿಗೆ, ಕಂಬಕ್ಕೆಲ್ಲ ತಾಳೆಗರಿ ಕಟ್ಟಿದ್ದಾರೆ. ಪೂಜೆಯ ಅರ್ಧಕ್ಕೇ ನೀನು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗುತ್ತೀಯ. ಎಚ್ಚರವಾಗುವುದು ಹೊರಗೆ ಪಟಾಕಿ ಸಿಡಿದಾಗ.

ಕ್ರಿಸ್ಮಸ್ ಬೆಳಗು ಭಾನುವಾರ ಬಂದಿದೆ. ಬಿಸಿನೀರಿನ ಸ್ನಾನ, ಮೈಗೆಲ್ಲ ವ್ಯಾಸಲೀನ್, ಆಮೇಲೆ ಫ್ರಾಕು. ಬರುವ ವರ್ಷಕ್ಕೂ ಆಗಲೆಂದು ಅಮ್ಮ ಒಂದು ಅಳತೆ ದೊಡ್ಡದೇ ತಂದಿದ್ದಾಳೆ. ತೋಳು ಮೊಣಕೈ ದಾಟುತ್ತದೆ, ಶೂ ಒಳಗೆ ಹತ್ತಿ ತುರುಕಿದೆ. ಪ್ಲಾಸ್ಟಿಕ್ಕಿನ ತಂಪುಕನ್ನಡಕ, ಮುಳ್ಳು ತಿರುಗದ ಆಟದ ಕೈಗಡಿಯಾರ. ಹಿತ್ತಲಲ್ಲಿ ಚಿಕ್ಕಮ್ಮಂದಿರು ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸುತ್ತಿದ್ದಾರೆ. ಪಕ್ಕದಲ್ಲಿ ಟೊಮೇಟೊ, ಕೆಂಪು ಮೆಣಸಿನಕಾಯಿ, ಈರುಳ್ಳಿ ಹಾಕಿದ ಕೋಳಿ ಸಾರು ಎಣ್ಣೆ ಬಿಡುತ್ತಿದೆ. ಹಳ್ಳಿಯಲ್ಲಿ ದಿನವೂ ಗೆಣಸು, ಮರಗೆಣಸು, ಅನ್ನವೆಂದರೆ ಹಬ್ಬ. ಈ ವರ್ಷವಂತೂ ತೈಲದ ಆದಾಯ ಕುಸಿದು, ಹೊರದೇಶದಿಂದ ಬರುವ ಅಕ್ಕಿ ಸಿಕ್ಕುವುದೇ ಕಷ್ಟ. ಆ ಮೂಟೆಗಾಗಿ ಅಪ್ಪ ಎಷ್ಟು ಅಲೆದರೆಂದು ಯಾರೂ ನಿನಗೆ ಹೇಳುವುದಿಲ್ಲ. ಕೋಳಿಯ ಕಂದನಕಾಯಿ ಅಪ್ಪನಿಗೇ ಮೀಸಲು. ಉಳಿದ ತುಂಡುಗಳು ವಯಸ್ಸಿನ ಲೆಕ್ಕದಲ್ಲಿ ಇಳಿಯುತ್ತಾ ಇಳಿಯುತ್ತಾ ನಿನ್ನ ತಟ್ಟೆಗೆ ಬರುವಾಗ ರೆಕ್ಕೆಯ ತುದಿ. ಅದೂ ಅಮೃತ.

ನಡುಮನೆಯಲ್ಲಿ ಗಂಡಸರು ಕೂತಿದ್ದಾರೆ. ಮರದ ತಟ್ಟೆಯಲ್ಲಿ ಕೋಲಾ ಬೀಜ ಕೈಯಿಂದ ಕೈಗೆ ದಾಟಿ ಎಲ್ಲರ ಮುಂದೆ ಹೋಗಿ ಬರುತ್ತದೆ. ಎಲ್ಲರಿಗಿಂತ ಹಿರಿಯನಾದ ದೊಡ್ಡಜ್ಜ ಅದನ್ನೆತ್ತಿ ಸತ್ತ ಹಿರಿಯರನ್ನು, ದೇವರನ್ನು, ದೂರದಿಂದ ಬಂದವರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತಾನೆ. ಬರಲಾರದೆ ಹೋದವರ ಹೆಸರೂ ಬರುತ್ತದೆ. ಬಾಗಿಲ ಮರೆಯಲ್ಲಿ ನಿಂತ ನಿನ್ನ ಹೆಸರು ಬಂದಾಗ ಎದೆ ಧಸಕ್ಕೆನ್ನುತ್ತದೆ. ನೀನು ಹುಟ್ಟಿದ್ದು ಲೇಗಸ್‌ನಲ್ಲಿ, ಮಾತಿನ ಧಾಟಿ ಅಲ್ಲಿಯದು. ಆದರೂ ಈ ಪಟ್ಟಿಯಲ್ಲಿ ನೀನಿದ್ದೀಯ.

ಇನ್ನು ಮಕ್ಕಳ ದಂಡು ಹೊರಟಿತು. ಮನೆ ಮನೆಗೂ ಹೋಗಿ ‘ಹ್ಯಾಪಿ ಕ್ರಿಸ್ಮಸ್’ ಎಂದು ಕೂಗಬೇಕು. ಒಂದು ಮನೆಯಲ್ಲಿ ಅನ್ನ, ಇನ್ನೊಂದರಲ್ಲಿ ಚಿನ್‌ಚಿನ್, ಮತ್ತೊಂದರಲ್ಲಿ ಅರ್ಧ ಬಾಟಲಿ ಫ್ಯಾಂಟಾ. ಮತ್ತೆ ದುಡ್ಡು! ಪಟ್ಟಣದಿಂದ ಬಂದ ದೊಡ್ಡಪ್ಪ ರಾಷ್ಟ್ರೀಯವಾದಿ ನಾಯಕ ಹರ್ಬರ್ಟ್ ಮೆಕಾಲೆಯ ಚಿತ್ರವಿರುವ ಗರಿಗರಿ ಒಂದು ನೈರಾ ಕೊಡುತ್ತಾರೆ. ವ್ಯಾಪಾರಿ ಮಾವನಂತೂ ದೇಶದ ಮೊದಲ ಪ್ರಧಾನಿ ಬಲೇವಾ ಮುಖದ ಐದು ನೈರಾ ನೋಟನ್ನೇ ಕೊಟ್ಟುಬಿಡುತ್ತಾನೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೆತ್ತಗಾದ ಐವತ್ತು ಕೋಬೋ ನೋಟು, ಅಂದರೆ ಅರ್ಧ ನೈರಾ, ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾಳೆ.

ಅಷ್ಟರಲ್ಲಿ ದೂರದಲ್ಲಿ ಓಗೆನೆ ಗಂಟೆ. ಮರದ ಕೊಳಲು ಯಾರದೋ ಹೆಸರು ಹಿಡಿದು ಕರೆಯುತ್ತಿದೆ. ಮುಖವಾಡಗಳು ಬಂದವು! ರಾಫಿಯಾ ನಾರು, ಬಣ್ಣಬಣ್ಣದ ಬಟ್ಟೆ, ಕೈಯಲ್ಲಿ ಬಾರುಕೋಲು. ಇವರು ಮನುಷ್ಯರಲ್ಲ, ನೆಲದೊಳಗಿಂದ ಎದ್ದು ಬಂದ ಹಿರಿಯರ ಆತ್ಮಗಳು ಎಂದು ಊರು ನಂಬುತ್ತದೆ; ಬೆಳಿಗ್ಗೆ ಚರ್ಚಿನಲ್ಲಿ ಮಂಡಿಯೂರಿದವರೂ ದಾರಿ ಬಿಟ್ಟು ಸರಿಯುತ್ತಾರೆ. ಹುಡುಗರು ಹತ್ತಿರ ಹೋಗಿ ಕೆಣಕಿ ಪೇರಿ ಕೀಳುತ್ತಾರೆ. ಹೆಣ್ಣುಮಕ್ಕಳು ದೂರವೇ ಇರಬೇಕು. ಒಂದು ಮುಖವಾಡ ನಿನ್ನತ್ತ ತಿರುಗಿದ್ದೇ, ಒಂದು ಶೂ ಅಲ್ಲೇ ಬಿಟ್ಟು ಮರಗೆಣಸಿನ ಹೊಲದೊಳಗೆ ನುಗ್ಗಿ ಅಜ್ಜಿಯ ಅಡುಗೆಮನೆ ಸೇರುವವರೆಗೂ ನೀನು ಓಡುತ್ತೀಯ. ಆ ಹೆದರಿಕೆಯಷ್ಟು ಸುಖವಾದದ್ದು ಆ ವಯಸ್ಸಿನಲ್ಲಿ ಮತ್ತೊಂದಿಲ್ಲ.

ಮದುವೆಗಳು, ಕುಟುಂಬದ ಸಭೆಗಳು, ಜಮೀನಿನ ಜಗಳಗಳು ಆ ವಾರದಲ್ಲೇ ಮುಗಿಯಬೇಕು. ಎಲ್ಲರೂ ಒಟ್ಟಿಗೆ ಸಿಗುವುದು ಆಗಷ್ಟೇ. ಡಿಸೆಂಬರ್ 31ರ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಟ್ರಾನ್ಸಿಸ್ಟರ್ ತಿರುಗಿಸುತ್ತಾರೆ. ಹಾಡಿಲ್ಲ, ಸುದ್ದಿಯಿಲ್ಲ, ಸೈನ್ಯದ ಬ್ಯಾಂಡು. ಚಿಕ್ಕಪ್ಪಂದಿರು ಒಬ್ಬೊಬ್ಬರಾಗಿ ಬಂದು ಸುತ್ತ ನಿಲ್ಲುತ್ತಾರೆ. ಆಮೇಲೆ ಬ್ರಿಗೇಡಿಯರ್ ಸಾನಿ ಅಬಾಚಾನ ದನಿ: ಅಧ್ಯಕ್ಷ ಶೆಹು ಶಗಾರಿಯ ಸರ್ಕಾರ ಉರುಳಿತು. ಅಮ್ಮ ಏನೂ ಮಾತಾಡದೆ ಬಟ್ಟೆ ಮಡಿಸಲು ಶುರುಮಾಡುತ್ತಾಳೆ.

ಹಿಂದಿರುಗುವಾಗ ಡಿಕ್ಕಿಯಲ್ಲಿ ಅಕ್ಕಿಯ ಜಾಗಕ್ಕೆ ಗೆಣಸು, ತಾಳೆ ಎಣ್ಣೆ. ನಿನ್ನ ದುಡ್ಡು ಬೋರ್ನ್‌ವೀಟಾ ಡಬ್ಬಿಯಲ್ಲಿ. ಏಪ್ರಿಲ್‌ನಲ್ಲಿ ಹೊಸ ಸರ್ಕಾರ ನೋಟುಗಳ ಬಣ್ಣ ಬದಲಿಸಿ, ಗಡಿಗಳನ್ನು ಮುಚ್ಚಿ, ಹಳೆಯವನ್ನು ಬ್ಯಾಂಕಿಗೆ ತಂದು ಬದಲಾಯಿಸಿಕೊಳ್ಳಿ ಎಂದು ಹೇಳಿತು. ಅಮ್ಮ ದೊಡ್ಡಪ್ಪನ ನೈರಾ, ಮಾವನ ಐದು ನೈರಾ ಎಲ್ಲವನ್ನೂ ತನ್ನ ದುಡ್ಡಿನ ಜೊತೆ ಸೇರಿಸಿ ಬಿಸಿಲಿನಲ್ಲಿ ಸಾಲು ನಿಲ್ಲಲು ಹೊರಟಳು. ಐವತ್ತು ಕೋಬೋ ನೋಟಿಗೆ ಮಾತ್ರ ಆ ಆಜ್ಞೆ ತಟ್ಟಲಿಲ್ಲ. ಅಜ್ಜಿ ಕೊಟ್ಟದ್ದನ್ನು ಅಮ್ಮ ನಿನ್ನ ಡಬ್ಬಿಗೇ ಹಿಂದಕ್ಕೆ ಹಾಕಿದಳು.